ಹತ್ತೊಂಬತ್ತನೆಯ ಶುಕ್ರವಾರ

“ಆ ಬಾವಿ ಕಡೆ ಮಾತ್ರ ಹೋಗ್ಬೇಡಿ ಮಾಸ್ಟ್ರೆ. ಅಲ್ಲಿ ಎಂತ ಕಂಡ್ರೂ ಮುಟ್ಲಿಕ್ಕಿಲ್ಲ.” ಮೊಯ್ದಿನ್ ಪಿಕಪ್ಪಿನ ಇಂಜಿನ್ ಆರಿಸದೆಯೇ ಹೇಳಿದ.

ರೂಬೆನ್ ಜೋರಾಗಿ ನಕ್ಕುಬಿಟ್ಟ. ಬೆಳ್ತಂಗಡಿಯ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದವನು ಅವನು. ನಿಂಬೆಹಣ್ಣಿನಿಂದ ರಕ್ತ ಸುರಿಸಿ, ತೆಂಗಿನಕಾಯಿಗೆ ತಾನಾಗಿ ಬೆಂಕಿ ಹತ್ತಿಸಿ, ಆಮೇಲೆ ಅದರ ಹಿಂದಿನ ರಾಸಾಯನಿಕವನ್ನು ತೋರಿಸಿ ಹುಡುಗರಿಂದ ಶಿಳ್ಳೆ ಹೊಡೆಸಿಕೊಂಡವನು.

“ಮೊಯ್ದಿನ್‌ಕ್ಕ, ಮೂವತ್ತೊಂದು ವರ್ಷ ಗಲ್ಫಿನಲ್ಲಿದ್ದು ನೀವೂ ಇದನ್ನೆಲ್ಲ ನಂಬ್ತೀರಾ?”

“ನಂಬುವುದು ಬಿಡುವುದು ಬೇರೆ. ಮುಟ್ಟದಿದ್ರೆ ಆಯ್ತಲ್ಲ?” ಎಂದ ಮೊಯ್ದಿನ್. ಅವನ ಕೈ ಗೇರಿನ ಮೇಲೆಯೇ ಇತ್ತು.

ರೂಬೆನ್ ಕತಾರಿಗೆ ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಫ್ಲೇವಿಯಾ ಇಲ್ಲಿ ಆರು ವರ್ಷದಿಂದ ನರ್ಸ್. ದೂರ ಇದ್ದು ಸಾಕಾಗಿ ಅವನು ಕೆಲಸ ಬಿಟ್ಟು ಅವಳ ಬಳಿ ಬಂದಿದ್ದ. ಇಲ್ಲಿ ಅವನಿಗೆ ಕೆಲಸ ಸಿಗಲಿಲ್ಲ, ಡ್ರೈವಿಂಗ್ ಲೈಸೆನ್ಸೂ ಆಗಲಿಲ್ಲ. ಅಲ್ ಥುಮಾಮಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ತಲೆಯ ಮೇಲೆ ವಿಮಾನಗಳು ಇಳಿಯುವ ಸದ್ದು ಕೇಳುತ್ತ, ಸೋಫಾದಿಂದ ಕಿಟಕಿಗೂ ಕಿಟಕಿಯಿಂದ ಸೋಫಾಕ್ಕೂ ನಡೆಯುತ್ತಿದ್ದ. ಅವನ ಆ ನಡಿಗೆ ನೋಡಲಾಗದೆ ಫ್ಲೇವಿಯಾಳೇ ಕ್ಯಾಮೆರಾ ತಂದುಕೊಟ್ಟಳು. ವಾರಕ್ಕೊಂದು ಚಿತ್ರ, ಪ್ರತಿ ಶುಕ್ರವಾರ, ಒಂದು ವರ್ಷ ತಪ್ಪದೆ ಎಂದು ಅವನು ಪಣ ತೊಟ್ಟ. ಅವಳ ಯೂನಿಫಾರ್ಮುಗಳನ್ನು ಸರಿಪಡಿಸಿಕೊಡುತ್ತಿದ್ದ ಉಳ್ಳಾಲದ ಟೈಲರ್ ಮೊಯ್ದಿನ್, ಶುಕ್ರವಾರ ಮುಂಜಾನೆ ಅವನನ್ನು ತನ್ನ ಪಿಕಪ್ಪಿನಲ್ಲಿ ಅಲ್ಲಿ ಇಲ್ಲಿ ಸುತ್ತಾಡಿಸಿ ಜುಮ್ಮಾ ನಮಾಜಿಗೆ ಮೊದಲು ಮನೆ ಮುಟ್ಟಿಸುತ್ತಿದ್ದ.

ಇದು ಹತ್ತೊಂಬತ್ತನೆಯ ವಾರ. ಉತ್ತರದ ಕಡಲಂಚಿನಲ್ಲಿ ಯಾರೋ ಎಂದೋ ಬಿಟ್ಟುಹೋದ ಮೀನುಗಾರರ ಹಳ್ಳಿ. ಕಡಲ ಕಲ್ಲಿನ ಗೋಡೆಗಳಿಂದ ಚಿಪ್ಪುಗಳು ಹಲ್ಲಿನಂತೆ ಇಣುಕುತ್ತಿದ್ದವು. ಉಪ್ಪು ನೀರು ಹಿಂದೆ ಸರಿದು, ಕೆಸರು ಬಿಸಿಲಿಗೆ ಬೆಂದು ಕೊಳೆತ ವಾಸನೆ ಬರುತ್ತಿತ್ತು. ದೂರದಲ್ಲಿ ರಾಸ್ ಲಫಾನಿನ ಅನಿಲದ ಬೆಂಕಿಗಳು ಹಗಲಲ್ಲೂ ಮಿಣುಕುತ್ತಿದ್ದವು.

ಅವನು ನೆಟ್ಟಗೆ ಬಾವಿಯ ಕಡೆಗೇ ನಡೆದ.

ಬಾವಿಕಟ್ಟೆಯ ಸಂದಿನಲ್ಲಿ ಡಾಂಬರು ಮೆತ್ತಿ ಮುಚ್ಚಿದ ಒಂದು ಚರ್ಮದ ಚೀಲ ಸಿಕ್ಕಿಕೊಂಡಿತ್ತು. ಬೀಗದ ಕೈಯಿಂದ ಅದನ್ನು ಮೀಟಿ ತೆಗೆದ. ಒಳಗೆ ಒಬ್ಬ ಗಂಡಸಿನ ಹಳೆಯ ಕಪ್ಪು ಬಿಳುಪು ಫೋಟೋ. ಎರಡೂ ಕಣ್ಣುಗಳನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ತೂತು ಮಾಡಿದ್ದರು. ಅದಕ್ಕೆ ಸುತ್ತಿದ್ದ ಕಪ್ಪು ದಾರದಲ್ಲಿ ಏಳು ಗಂಟು, ಗಂಟಿಗೊಂದೊಂದು ಎಳೆ ಕೂದಲು.

ರೂಬೆನ್ನನ ಮೈ ಜುಮ್ಮೆಂದಿತು. ಹೆದರಿಕೆಯಿಂದಲ್ಲ, ಖುಷಿಯಿಂದ. ಇಂಥ ಚಿತ್ರ ಬೇರೆ ಯಾರಿಗೆ ಸಿಕ್ಕೀತು? ಫೋಟೋವನ್ನು ಕಟ್ಟೆಯ ಮೇಲೆ ಇಟ್ಟ. ದಾರ ಕಣ್ಣಿನ ತೂತಿನಿಂದ ಇಳಿದು ಬಾವಿಯ ಕತ್ತಲಿಗೆ ಜಾರಬೇಕು, ಆಗ ಚೆಂದ. ಆದರೆ ಗಂಟುಗಳು ಮುದ್ದೆಯಾಗಿ ಅಡ್ಡ ಬರುತ್ತಿದ್ದವು. ಉಗುರಿನಿಂದ ಕೆರೆದು ಒಂದು ಬಿಚ್ಚಿದ.

ಕಡಲಹಕ್ಕಿಗಳ ಕೂಗು ನಿಂತಿತು. ಎರಡನೆಯದು, ಮೂರನೆಯದು. ಗಾಳಿ ನಿಂತಿತು. ಐದನೆಯದು ಬಿಚ್ಚುವಾಗ ಪಿಕಪ್ಪಿನ ಇಂಜಿನ್ನಿನ ಸದ್ದು ಯಾರೋ ಬಾಯಿ ಮುಚ್ಚಿದಂತೆ ಅಡಗಿತು. ಏಳನೆಯ ಗಂಟು ತಾನಾಗಿ ಸಡಿಲಿತು. ಬಾವಿಯೊಳಗಿನಿಂದ ಒಂದು ತಣ್ಣನೆಯ ಉಸಿರು ಮೇಲೆದ್ದು ಅವನ ಗದ್ದ ನೇವರಿಸಿತು. ಸುಟ್ಟ ಉಣ್ಣೆಯ ನಾತ.

ಆಳದ ತಂಪು ಗಾಳಿ, ಅಷ್ಟೆ ಎಂದುಕೊಂಡು ಅವನು ಚಿತ್ರ ತೆಗೆದ.

“ಯಾ ಅಲ್ಲಾಹ್! ಎಂತ ಮಾಡಿದ್ರಿ ಮಾಸ್ಟ್ರೆ!” ಮೊಯ್ದಿನ್ ಓಡಿಬರುತ್ತಿದ್ದ. ಕಣ್ಣು ಅಗಲವಾಗಿ, ಬಿಳಿ ಗಡ್ಡದ ಮೇಲೆ ಬಿಸಿಲು ಬಿದ್ದು, ಆ ಮುಖ ಅದ್ಭುತವಾಗಿತ್ತು. ರೂಬೆನ್ ನಗುತ್ತಲೇ ಕ್ಯಾಮೆರಾ ತಿರುಗಿಸಿ ಒತ್ತಿದ.

ಕ್ಲಿಕ್ ಸದ್ದು ಎರಡು ಸಲ ಕೇಳಿಸಿತು. ಎರಡನೆಯದು ಬಾವಿಯೊಳಗಿನಿಂದ.

ಮೊಯ್ದಿನ್ ನಿಂತಲ್ಲೇ ನಿಂತ. ಕಣ್ಣು ಪಿಳುಕಿಸಿದ. ಮುಖದಿಂದ ಭಯ ಇಳಿದುಹೋಯಿತು, ಅದರೊಂದಿಗೆ ಪರಿಚಯವೂ. ಅವನು ರೂಬೆನ್ನನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿಯಲ್ಲಿ ಕೇಳಿದ: “ಕಹಾಂ ಜಾನಾ ಹೈ ಸಾಬ್? ಗಾಡಿ ನಹೀಂ ಹೈ ಕ್ಯಾ?”

ಸಿಟ್ಟಿನಿಂದ ಆಟ ಆಡುತ್ತಿದ್ದಾನೆ ಎಂದುಕೊಂಡ ರೂಬೆನ್. ಪಿಕಪ್ಪಿನಲ್ಲಿ ದೋಹಾದವರೆಗೂ ಹೋದರು. ಮೊಯ್ದಿನ್ ಅವನನ್ನು ರಸ್ತೆ ಬದಿಯಲ್ಲಿ ಇಳಿಸಿ, ಗುರುತಿಲ್ಲದವರಿಗೆ ಹೇಳುವಂತೆ “ಖುದಾ ಹಾಫಿಜ್ ಭಾಯ್” ಎಂದು ಹೋದ. ಚೀಲವನ್ನೂ ಫೋಟೋವನ್ನೂ ರೂಬೆನ್ ಹೊರಡುವ ಮೊದಲು ಸಂದಿಗೆ ತುರುಕಿ ಬಂದಿದ್ದ. ದಾರ ಮಾತ್ರ ಕ್ಯಾಮೆರಾ ಬ್ಯಾಗಿನಲ್ಲಿತ್ತು. ನೆನಪಿಗಿರಲಿ ಎಂದು.

ಮನೆಯಲ್ಲಿ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ನೋಡಿದಾಗ ಬಾವಿಯ ಚಿತ್ರ ಮಂಕಾಗಿತ್ತು. ಮೊಯ್ದಿನ್‌ನ ಮುಖ ಮಾತ್ರ ಉಸಿರಾಡುವಂತಿತ್ತು. ಹದಿನೆಂಟು ವಾರ ಕಟ್ಟಡ, ದೋಣಿ, ಮರಳು ಎಂದು ಅಲೆದದ್ದು ದಂಡ, ಇನ್ನು ಮುಖಗಳನ್ನೇ ತೆಗೆಯುತ್ತೇನೆ ಎಂದು ರೂಬೆನ್ ಫ್ಲೇವಿಯಾಳಿಗೆ ಹೇಳಿದ. ಅವಳು ಪರದೆಯ ಹತ್ತಿರ ಬಂದು, “ಇವರಿಗೆ ಇಷ್ಟು ಹೆದರಿಕೆ ಯಾಕೆ ಆಗಿದ್ದು?” ಎಂದಳು.

ಮುಂದಿನ ಗುರುವಾರದಿಂದಲೇ ಅವನ ಬಲಗೈಯ ತೋರುಬೆರಳು ತುರಿಸತೊಡಗಿತು. ಚರ್ಮದ ತುರಿಕೆಯಲ್ಲ, ಮೂಳೆಯೊಳಗಿನದು. ಕೂತಲ್ಲಿ ಕೂರಲಾಗಲಿಲ್ಲ. ಶುಕ್ರವಾರ ಸಂಜೆ ಬೀದಿಯ ಕೊನೆಯ ಕೆಫೆಟೇರಿಯಾಕ್ಕೆ ಹೋದ. ಅಲ್ಲಿಯ ಜೇಕಬ್, ಪತ್ತನಂತಿಟ್ಟದವನು, ಎಂಟು ತಿಂಗಳಿಂದ ಕೇಳದೆಯೇ ಅವನಿಗೆ ಸಕ್ಕರೆ ಕಮ್ಮಿ ಹಾಕಿದ ಕರಕ್ ಚಹಾ ಕೊಡುತ್ತಿದ್ದವನು. ಚಹಾ ಎತ್ತಿ ಸುರಿಯುವಾಗ ರೂಬೆನ್ ಒತ್ತಿದ. ಬೆರಳಿಗೆ ತಣ್ಣೀರು ಹೊಯ್ದಷ್ಟು ಹಿತವಾಯಿತು.

ಜೇಕಬ್‌ನ ಕೈ ಗಾಳಿಯಲ್ಲೇ ನಿಂತಿತು. “ಏಯ್, ಭಾಯ್! ಫೋಟೋ ಮಾಫಿ! ಫೋಟೋ ಬೇಡ! ಯಾರನ್ನು ಕೇಳಿ ತೆಗೆದೆ?”

“ಜೇಕಬ್, ನಾನು ಮಾರಾಯಾ, ರೂಬೆನ್.”

“ಯಾವ ರೂಬೆನ್? ಡಿಲೀಟ್ ಮಾಡು. ಯಲ್ಲಾ, ಹೊರಗೆ ಹೋಗು.”

ರೂಬೆನ್ ಹೊರಗೆ ಬಂದು ಮೊಯ್ದಿನ್‌ಗೆ ಫೋನ್ ಮಾಡಿದ. ಅವನು “ರಾಂಗ್ ನಂಬರ್” ಎಂದು ಇಟ್ಟುಬಿಟ್ಟ. ಇಬ್ಬರೂ ಸೇರಿ ತನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದಾರೆಯೇ? ಆದರೆ ಅವರಿಬ್ಬರಿಗೆ ಪರಿಚಯವೇ ಇಲ್ಲ.

ಇಪ್ಪತ್ತೊಂದನೆಯ ವಾರ ಅವನು ಚಿತ್ರ ತೆಗೆಯುವುದಿಲ್ಲ ಎಂದು ನಿಶ್ಚಯಿಸಿದ. ಇಲ್ಲಿ ಶುಕ್ರವಾರವೇ ರಜೆಯಾದ್ದರಿಂದ ಚರ್ಚಿನ ಪೂಜೆಯೂ ಅಂದೇ; ಅಲ್ಲಿಂದ ಬಂದ ಮೇಲೆ ಎದುರು ಫ್ಲ್ಯಾಟಿನ ಬರ್ನಡೆಟ್ ಇಬ್ಬರನ್ನೂ ಊಟಕ್ಕೆ ಕರೆದಿದ್ದಳು. ಕಲ್ಯಾಣಪುರದವಳು, ಫ್ಲೇವಿಯಾಳ ಜೀವದ ಗೆಳತಿ. ರೂಬೆನ್ ಬಂದಿಳಿದ ದಿನ ಅವನ ಕೊರಳಿಗೆ ಮಾಲೆ ಹಾಕಿ ನಗಿಸಿದವಳು. ಊಟದ ನಡುವೆ ಸುಟ್ಟ ಉಣ್ಣೆಯ ನಾತ ಎದ್ದಿತು. ಬೇರೆ ಯಾರಿಗೂ ಅದು ಬಡಿಯಲಿಲ್ಲ. ಅವನ ಎದೆಯ ಸುತ್ತ ದಾರ ಬಿಗಿದಂತಾಯಿತು. ಒಂದು ಸುತ್ತು. ಎರಡು ಸುತ್ತು. ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು. ಅವನು ಎದ್ದು ಮನೆಗೆ ಓಡಿದ. ಕ್ಯಾಮೆರಾ ತಂದ. ಬಂಗುಡೆ ಬಡಿಸುತ್ತಿದ್ದ ಬರ್ನಡೆಟ್ ತಲೆ ಎತ್ತಿದಳು. ಕ್ಲಿಕ್.

ಅವಳ ಕೈಯಿಂದ ಪಾತ್ರೆ ಬಿತ್ತು. “ಯಾರು ನೀನು? ಒಳಗೆ ಹೇಗೆ ಬಂದಿ? ಫ್ಲೇವಿಯಾ, ಯಾರೇ ಇವ?”

“ಬರ್ನಿ, ಎಂತ ಹೇಳ್ತಿದ್ದಿ? ರೂಬೆನ್. ನನ್ನ ಗಂಡ.”

“ನಿನಗೆ ಎಲ್ಲಿಯ ಗಂಡ?” ಬರ್ನಡೆಟ್‌ಳ ದನಿ ಕೀರಲಾಯಿತು. “ನಿನಗೆ ಮದುವೆಯೇ ಆಗ್ಲಿಲ್ಲ! ಸೆಕ್ಯೂರಿಟಿ! ಸೆಕ್ಯೂರಿಟಿಯನ್ನು ಕರೀ!”

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಫ್ಲೇವಿಯಾ ಅವನ ನಾಡಿ ಹಿಡಿದು ನೋಡಿದಳು. ಅಭ್ಯಾಸಬಲ. ಅವನು ಎಲ್ಲವನ್ನೂ ಹೇಳಿದ. ಬಾವಿ, ಫೋಟೋ, ಏಳು ಗಂಟು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಯಾರದೋ ಹುಚ್ಚಿನಂತೆ ಕೇಳಿಸಿತು.

“ನೀನು ಫೋಟೋ ತೆಗೆದವರೆಲ್ಲ ನಿನ್ನನ್ನು ಮರೀತಾರೆ,” ಎಂದಳು ಅವಳು ನಿಧಾನವಾಗಿ. ಅದು ಪ್ರಶ್ನೆಯಾಗಿರಲಿಲ್ಲ.

ಮರುದಿನ ಇಬ್ಬರೂ ಅಲ್ ರಯ್ಯಾನಿನ ಹೊಲಿಗೆ ಅಂಗಡಿಗೆ ಹೋದರು. ಮೊಯ್ದಿನ್ ಫ್ಲೇವಿಯಾಳನ್ನು ಕಂಡು “ಬನ್ನಿ ಸಿಸ್ಟರ್” ಎಂದ. ರೂಬೆನ್ನನಿಗೆ ಸುಮ್ಮನೆ ತಲೆಯಾಡಿಸಿದ. ತನ್ನನ್ನೇ ಮರೆತವನ ಮುಂದೆ ಕೂತು, ಅವನೇ ತನಗೆ ಕೊಟ್ಟ ಎಚ್ಚರಿಕೆಯನ್ನು ಅವನಿಗೇ ಹೇಳಿದ ರೂಬೆನ್. ಕೇಳುತ್ತ ಹೋದ ಹಾಗೆ ಮೊಯ್ದಿನ್‌ನ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲೆ ಸದ್ದಿಲ್ಲದೆ ಮಲಗಿತು.

“ನಾನೇ ನಿಮ್ಮನ್ನು ಕರ್ಕೊಂಡು ಹೋದದ್ದಾ? ನನಗೆ ಆ ದಿನದ ನೆನಪೇ ಇಲ್ಲ. ಒಬ್ಬನೇ ಯಾಕೆ ಅಷ್ಟು ದೂರ ಹೋಗಿದ್ದೆ ಅಂತ ಹೆಂಡತಿ ಝೈನಬ ಈಗಲೂ ಕೇಳ್ತಾಳೆ.”

ಆಮೇಲೆ ಅವನು ತಿಳಿದಷ್ಟು ಹೇಳಿದ. ಈ ಊರಿಗೆ ಬಂದ ಹೊಸತರಲ್ಲಿ ಅವನ ಅಂಗಡಿಗೆ ಬರುತ್ತಿದ್ದ ಒಬ್ಬ ಮುದುಕ ದೋಣಿಗಾರನಿಂದ ಕೇಳಿದ್ದು. ಆ ಹಳ್ಳಿಯಲ್ಲಿ ಯಾರೋ ಯಾರದೋ ಸಂಸಾರ ಮುರಿಯಲು ಮಾಡಿಸಿದ ಮಾಟ. ಒಂದು ಮನೆಗೆ ಮಾಡಿಸಿದ್ದು, ಹಳ್ಳಿಯನ್ನೇ ತಿಂದಿತಂತೆ. ಮಗನಿಗೆ ತಾಯಿಯ ಗುರುತಿಲ್ಲ, ನೆರೆಯವನಿಗೆ ನೆರೆಯವನ ಗುರುತಿಲ್ಲ. ಕೊನೆಗೆ ತಿಳಿದವರು ಅದನ್ನು ಏಳು ಗಂಟಿನಲ್ಲಿ ಕಟ್ಟಿ ಬಾವಿಯ ಹತ್ತಿರ ಇಟ್ಟರು.

“ಕಣ್ಣು ಚುಚ್ಚಿದ್ದು ಅದಕ್ಕೇ, ಅದು ನೋಡಬಾರದು ಅಂತ. ನೀವು ಗಂಟು ಬಿಚ್ಚಿ ಹೊಸ ಕಣ್ಣು ಕೊಟ್ರಿ.” ಅವನು ಕ್ಯಾಮೆರಾ ಬ್ಯಾಗಿನತ್ತ ನೋಡಲಿಲ್ಲ, ಗಲ್ಲದಿಂದ ತೋರಿಸಿದ. “ಒಡೆದು ಹಾಕ್ಲಿಕ್ಕೆ ಹೋಗ್ಬೇಡಿ. ಅದು ನಿಮ್ಮದೇ ಕಣ್ಣಿಗೆ ಬರ್ತದೆ. ಆಮೇಲೆ ನೀವು ನೋಡಿದವರೆಲ್ಲ ಹೋದ್ರು.”

“ಮತ್ತೆ ಕಟ್ಲಿಕ್ಕೆ ಆಗ್ತದಾ?” ಫ್ಲೇವಿಯಾ ಕೇಳಿದಳು.

“ಅಲ್ಲೇ ಹೋಗಿ, ಅದೇ ದಾರದಲ್ಲಿ. ಆದ್ರೆ ಹಸಿದ ಹೊಟ್ಟೆಯಲ್ಲಿ ಅದು ಕಟ್ಲಿಕ್ಕೆ ಬಿಡುದಿಲ್ಲ. ಬಿಚ್ಚಿದ್ದು ಶುಕ್ರವಾರ ಅಲ್ವಾ, ಇನ್ನು ಪ್ರತಿ ಶುಕ್ರವಾರ ಅದಕ್ಕೊಂದು ಮುಖ ಬೇಕು. ಅದು ನುಂಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರ್ತದಂತೆ. ಆಗ ಕಟ್ಟಬೇಕು.” ಅವನು ಎದ್ದು ನಿಂತ. “ನನ್ನನ್ನು ಕರೀಬೇಡಿ. ನನ್ನಿಂದ ಎಷ್ಟು ಹೋಗಿದೆ ಅಂತ ನನಗೇ ಗೊತ್ತಿಲ್ಲ.”

ಇಪ್ಪತ್ತೆರಡನೆಯ ಶುಕ್ರವಾರ ಬೆಳಗಾಗುವುದರೊಳಗೆ ಅವನಿಗೆ ನಾತ ತಡೆಯಲಾಗಲಿಲ್ಲ. ಬ್ಯಾಟರಿ ತೆಗೆದು ಕಪಾಟಿನಲ್ಲಿ ಬೀಗ ಹಾಕಿಟ್ಟ ಕ್ಯಾಮೆರಾ ಒಳಗಿನಿಂದ ಕ್ಲಿಕ್ ಎನ್ನುತ್ತಿತ್ತು. ಹಲ್ಲಿನ ಮೇಲೆ ಉಗುರು ಬಡಿದಂತೆ. ತಡೆದು ತಡೆದು. ತಾಳ್ಮೆಯಿಂದ.

ಅವನಿಗೊಂದು ಲೆಕ್ಕ ಹೊಳೆದಿತ್ತು. ಗುರುತೇ ಇಲ್ಲದವರ ಚಿತ್ರ ತೆಗೆದರೆ ಅವರು ಮರೆಯುವುದಕ್ಕೆ ಏನಿದೆ? ಬೆಳಗ್ಗೆ ಕಾರ್ನಿಷಿಗೆ ಹೋಗಿ, ಕಡಲ ದಂಡೆಯಲ್ಲಿ ನಡೆಯುತ್ತಿದ್ದವರನ್ನು ಕೇಳಿ ಕೇಳಿ ತೆಗೆದ. ಒಂದು ಫಿಲಿಪಿನೊ ದಂಪತಿ. ಒಬ್ಬ ನೇಪಾಳಿ ಕಾವಲುಗಾರ. ಬಿಸ್ಕೆಟ್ ತಿನ್ನುತ್ತಿದ್ದ ಒಬ್ಬ ಮುದುಕ. ಹನ್ನೊಂದು ಮುಖ. ಎದೆಯ ಬಿಗಿ ಒಂದಿಷ್ಟೂ ಸಡಿಲಲಿಲ್ಲ. ಪರದೆಯಲ್ಲಿ ನೋಡಿದರೆ ಹನ್ನೊಂದೂ ಚಿತ್ರ ಬರೀ ಕಪ್ಪು. ಅದಕ್ಕೆ ಬೇಕಾದದ್ದು ಮುಖವಲ್ಲ. ಮುಖದ ಹಿಂದೆ ಅವನಿಗೆ ಇದ್ದ ಜಾಗ. ಈ ದೇಶದಲ್ಲಿ ಅವನಿಗೆ ಅಂಥ ಜಾಗ ಇನ್ನು ಒಂದೇ ಉಳಿದಿತ್ತು.

ಅವನ ಫೋನ್ ಬಂದದ್ದೇ ಫ್ಲೇವಿಯಾ ಹಗಲಿನ ಡ್ಯೂಟಿ ಅರ್ಧಕ್ಕೆ ಬಿಟ್ಟು, ನೀಲಿ ಯೂನಿಫಾರ್ಮಿನಲ್ಲೇ ಕಾರು ತಂದಳು. ಮುಖ ಬೆಳ್ಳಗಾಗಿ, ಬೆಂಚಿನ ಮೇಲೆ ಬಾಗಿ ಕೂತಿದ್ದ ಅವನನ್ನು ನೋಡಿದಳು.

“ಬಾವಿಗೆ ಹೋಗುವ,” ಎಂದಳು.

“ನೀನು ಕಾರಿನಿಂದ ಇಳಿಯಬಾರದು. ನನ್ನ ಎದುರಿಗೆ ಬರಬಾರದು. ಮಾತು ಕೊಡು.”

“ಹೂಂ,” ಎಂದಳು ಅವಳು ರಸ್ತೆ ನೋಡುತ್ತ.

ಅಲ್ ಖೋರ್ ದಾಟುವಾಗ ಉತ್ತರದ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಮಧ್ಯಾಹ್ನ ಮೂರು ಗಂಟೆಗೆ ದೂಳಿನ ಗಾಳಿ ಎದ್ದು ಸೂರ್ಯನನ್ನೇ ಅಳಿಸಿಹಾಕಿತು. ಹೆಡ್‌ಲೈಟ್ ಹಾಕಿದರೂ ಹತ್ತು ಅಡಿ ಕಾಣಲಿಲ್ಲ. ಮರಳು ಗಾಜಿಗೆ ಉಜ್ಜುವ ಸದ್ದು. ಅದರೊಳಗೆ ಅವನ ತೊಡೆಯ ಮೇಲಿನ ಬ್ಯಾಗಿನಿಂದ ಕ್ಲಿಕ್. ಮತ್ತೆ ಕ್ಲಿಕ್. ಹತ್ತಿರ ಹೋದಷ್ಟೂ ಬೇಗ ಬೇಗ.

ಅವನು ಮುಖಕ್ಕೆ ಬಟ್ಟೆ ಸುತ್ತಿ ಇಳಿದ. ಗೋಡೆ ತಡವರಿಸುತ್ತ ನಡೆದ. ಬಾವಿಕಟ್ಟೆ ಕೈಗೆ ಸಿಕ್ಕಿತು. ಮಂಡಿಯೂರಿದ. ಸಂದಿನಿಂದ ಫೋಟೋ ಎಳೆದು ಬ್ಯಾಗಿನಲ್ಲಿದ್ದ ದಾರ ಸುತ್ತಿದ. ಗಂಟು ಹಾಕಿದ. ಅದು ಎರೆಹುಳುವಿನಂತೆ ಹೊರಳಿ ಬಿಚ್ಚಿಕೊಂಡಿತು. ಮತ್ತೆ ಹಾಕಿದ. ಮತ್ತೆ ಬಿಚ್ಚಿತು. ತನ್ನ ಕೂದಲು ಕಿತ್ತು ಸೇರಿಸಿ ಕಟ್ಟಿದ. ಹಲ್ಲಿನಿಂದ ಎಳೆದ. ದಾರ ನಾಲಿಗೆಯ ಮೇಲೆ ಬೆಚ್ಚಗೆ ಮಿಡಿಯಿತು. ಅವನು ಉಗುಳಿದ. ಎದೆಯ ಬಿಗಿ ಕೊರಳಿಗೆ ಏರಿತು.

ಮೂರನೆಯ ಸುತ್ತು. ನಾಲ್ಕನೆಯದು. ಉಸಿರು ಒಳಗೆ ಹೋಗಲಿಲ್ಲ. ಹೊರಗೆ ಬರಲಿಲ್ಲ. ಕತ್ತಲಿನೊಳಗೆ ಇನ್ನೊಂದು ಕತ್ತಲು. ಬಾವಿಯೊಳಗೆ ಯಾರೋ ಬೆರಳು ತಟ್ಟುತ್ತಿದ್ದರು. ಕ್ಲಿಕ್. ಕ್ಲಿಕ್. ಕ್ಲಿಕ್.

“ರೂಬೆನ್!”

ಅವಳು ಇಳಿದು ಬಂದಿದ್ದಳು. ಅವನ ಬಲಗೈ ತಾನಾಗಿ ಕ್ಯಾಮೆರಾ ಎತ್ತಿತು. ದೂಳಿನಲ್ಲಿ ಅವಳ ಮುಖ ಹುಡುಕಿತು. ಅವನು ಎಡಗೈಯಿಂದ ಬಲಗೈ ಹಿಡಿದು ಕಲ್ಲಿಗೆ ಬಡಿದ. ಇನ್ನೊಮ್ಮೆ ಬಡಿದ. ಬೆರಳಿನ ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಕ್ಯಾಮೆರಾ ಮರಳಿಗೆ ಬಿತ್ತು.

“ಹೋಗು,” ಎನ್ನಲು ಬಾಯಿ ತೆರೆದ. ಸದ್ದು ಬರಲಿಲ್ಲ.

ಫ್ಲೇವಿಯಾ ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಅವನ ತುಟಿಯ ನೀಲಿಯನ್ನು ನೋಡಿದಳು. ಇನ್ನೆಷ್ಟು ನಿಮಿಷ ಎಂದು ಅವಳಿಗೆ ಗೊತ್ತಿತ್ತು, ಇಂಥ ನೀಲಿಯನ್ನು ಅವಳು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಕ್ಯಾಮೆರಾ ಎತ್ತಿಕೊಂಡಳು.

“ಕೇಳು,” ಎಂದಳು ಅವನ ಕಿವಿಯ ಹತ್ತಿರ, ಮನೆಯ ಕೊಂಕಣಿಯಲ್ಲಿ. “ನಾನು ನಿನ್ನನ್ನು ಮರೆತರೆ, ಯಾರೋ ಅಂತ ಇಲ್ಲೇ ಬಿಟ್ಟು ಹೋಗ್ತೇನೆ. ನೀನು ನನ್ನನ್ನು ಮರೆತರೆ, ನಾನು ನಿನ್ನನ್ನು ಮನೆಗೆ ಕರ್ಕೊಂಡು ಹೋಗಬಹುದು.”

ಅವನು ತಲೆಯಾಡಿಸಿದ. ಬೇಡ. ಬೇಡ. ಮುರಿದ ಕೈಯಿಂದ ಅವಳ ತೋಳು ಹಿಡಿಯಲು ಹೋದ. ಅವಳು ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಕ್ಯಾಮೆರಾ ಕಣ್ಣಿಗೆ ಹಿಡಿದಳು. ಅವಳ ಕೆನ್ನೆಯ ಮೇಲೆ ದೂಳು ಒದ್ದೆಯಾಗಿ ಗೆರೆ ಮೂಡಿತ್ತು. ಅವನು ಆ ಗೆರೆಯನ್ನೇ ನೋಡಿದ. ಅದನ್ನಾದರೂ ಹಿಡಿದಿಟ್ಟುಕೊಳ್ಳಬೇಕೆಂದು, ಕಣ್ಣು ಮಿಟುಕಿಸದೆ ನೋಡಿದ.

ಕ್ಲಿಕ್.

ಗಾಳಿ ಒಮ್ಮೆಲೇ ಎದೆಯೊಳಗೆ ನುಗ್ಗಿತು. ರೂಬೆನ್ ಕೆಮ್ಮಿದ. ಕೆಮ್ಮಿ ಕೆಮ್ಮಿ ಮರಳಿಗೆ ಒರಗಿದ. ಬಲಗೈ ಸಿಡಿಯುತ್ತಿತ್ತು. ತಾನು ಎಲ್ಲಿದ್ದೇನೆ? ಒಂದು ಬಾವಿ. ದೂಳಿನ ಗಾಳಿ. ಎದುರಿಗೆ ನೀಲಿ ಯೂನಿಫಾರ್ಮಿನ ಒಬ್ಬ ಹೆಂಗಸು.

ಆ ಹೆಂಗಸು ಅವನ ಕಡೆ ನೋಡದೆ ಬಾವಿಕಟ್ಟೆಗೆ ಬಾಗಿ, ತನ್ನ ತಲೆಯಿಂದ ಒಂದೊಂದೇ ಕೂದಲು ಕಿತ್ತು ಕಪ್ಪು ದಾರಕ್ಕೆ ಗಂಟು ಹಾಕುತ್ತಿದ್ದಳು. ಪ್ರತಿ ಗಂಟಿಗೂ ಏನೋ ಪಿಸುಗುಟ್ಟುತ್ತಿದ್ದಳು. ಪ್ರಾರ್ಥನೆಯಿರಬೇಕು. ಏಳು ಗಂಟು ಹಾಕಿ, ಯಾವುದೋ ಹಳೆಯ ಫೋಟೋದೊಂದಿಗೆ ಚೀಲಕ್ಕೆ ಸೇರಿಸಿ, ಕಲ್ಲಿನ ಸಂದಿಗೆ ಆಳವಾಗಿ ತಳ್ಳಿದಳು. ಆಮೇಲೆ ಒಂದು ಒಳ್ಳೆಯ ಕ್ಯಾಮೆರಾವನ್ನು ಬಾವಿಗೆ ಎಸೆದುಬಿಟ್ಟಳು. ಅದು ತಳ ಮುಟ್ಟಿದ ಸದ್ದು ಬರಲಿಲ್ಲ.

ಗಾಳಿ ಇಳಿಯುತ್ತಿತ್ತು. ಅವಳು ಬಂದು ಅವನ ಕೈ ಹಿಡಿದು, ಮುರಿದ ಬೆರಳಿಗೆ ತನ್ನ ತಲೆಯ ರಿಬ್ಬನ್ ಬಿಚ್ಚಿ ಕಟ್ಟಿದಳು. ಎಷ್ಟು ನಯವಾದ ಕೈ. ಬಿದ್ದವನನ್ನು ಕಂಡು ಗಾಡಿ ನಿಲ್ಲಿಸಿದ ಪುಣ್ಯಾತ್ಮಳು ಯಾರೋ.

“ಥ್ಯಾಂಕ್ಯೂ ಸಿಸ್ಟರ್,” ಎಂದ ಅವನು. ಆಮೇಲೆ ಹಿಂದಿಯಲ್ಲಿ ಕೇಳಿದ: “ಆಪ್ ಇಂಡಿಯಾ ಸೇ ಹೈ?”

ಅವಳು ರಿಬ್ಬನ್ನಿನ ತುದಿಗೆ ಗಂಟು ಹಾಕಿದಳು. “ಹೌದು,” ಎಂದಳು. “ಉಡುಪಿ ಕಡೆಯವಳು.”

“ಓ! ನಮ್ಮ ಕಡೆಯವರೇ!” ಅವನಿಗೆ ನಿಜವಾಗಿಯೂ ಸಂತೋಷವಾಯಿತು. “ನನ್ನ ಹೆಸರು ರೂಬೆನ್. ಬೆಳ್ತಂಗಡಿಯಲ್ಲಿ ಲೆಕ್ಚರರ್ ಆಗಿದ್ದೆ. ಇಲ್ಲಿಗೆ...” ಇಲ್ಲಿಗೆ ಯಾಕೆ ಬಂದೆ? ಉತ್ತರ ನಾಲಿಗೆಯ ತುದಿಯಲ್ಲಿತ್ತು. ತಡಕಿದ, ಸಿಗಲಿಲ್ಲ. ಪೆಟ್ಟು ಬಿದ್ದದ್ದಕ್ಕೆ ಇರಬೇಕು.

“ಬನ್ನಿ. ಕೈಗೆ ಎಕ್ಸ್‌ರೇ ಆಗಬೇಕು,” ಎಂದಳು ಅವಳು.

ಅವಳು ಮುಂದಿನ ಬಾಗಿಲು ತೆರೆದು ಹಿಡಿದಿದ್ದಳು. ಅವನು ಸಂಕೋಚದಿಂದ ಹಿಂದಿನ ಬಾಗಿಲು ತೆರೆದುಕೊಂಡು ಹಿಂದೆಯೇ ಕೂತ. ಪರಿಚಯವಿಲ್ಲದ ಹೆಂಗಸು, ಒಬ್ಬಳೇ ಬೇರೆ. ಅವಳು ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದು, ಆಮೇಲೆ ಮೆತ್ತಗೆ ಹಾಕಿದಳು.

ಕಾರು ಹೆದ್ದಾರಿಗೆ ಬಂತು. ದೂಳು ತಿಳಿಯಾಗಿ ಸಂಜೆಯ ಬಿಸಿಲು ಇಳಿಯಿತು. ಮುಂದಿನ ಕನ್ನಡಿಯಲ್ಲಿ ಅವಳ ಕಣ್ಣುಗಳು ಮತ್ತೆ ಮತ್ತೆ ಅವನತ್ತ ಬರುತ್ತಿದ್ದವು. ಹಾಗೆ ನೋಡಿದರೆ ಅವನಿಗೆ ಒಂದು ಥರ ಆಗುತ್ತಿತ್ತು. ಮಾತಾಡದೆ ಕೂತರೆ ಮರ್ಯಾದೆಯಲ್ಲ ಎನಿಸಿತು.

“ನನ್ನಿಂದ ನಿಮಗೆ ತುಂಬಾ ತಡ ಆಯ್ತು ಸಿಸ್ಟರ್. ಮನೆಯಲ್ಲಿ ನಿಮ್ಮವರು ಕಾಯ್ತಿರಬೇಕು.”

ಅವಳು ಕಣ್ಣು ರಸ್ತೆಗೆ ಹಾಯಿಸಿದಳು.

“ಇಲ್ಲ,” ಎಂದಳು. “ಮನೆಯಲ್ಲಿ ಯಾರೂ ಇಲ್ಲ.”